ಪಾದ ಕಾಣದವರು

ಆಸ್ಪತ್ರೆಯ ಹಿಂದಿನ ಈ ಹಳದಿ ಕಟ್ಟಡಕ್ಕೆ
ಇಲ್ಲಿನವರು ಇಟ್ಟ ಹೆಸರು ಕಾಯುವ ಮನೆ.
ನಾವು ನಾಲ್ವರು, ನಾಲ್ಕು ಕಬ್ಬಿಣದ ಮಂಚ,
ಒಂದು ಕಲ್ಲಿದ್ದಲ ಒಲೆ,
ಕಿಟಕಿಯಾಚೆ ಗೋಬಿಯ ಗಾಳಿ
ಹಗಲೂ ರಾತ್ರಿ ಒಂದೇ ಮಾತು ಹೇಳುತ್ತಾ.

ನಮ್ಮ ನಮ್ಮ ಗುಡಾರಗಳು ಎಲ್ಲೋ ದೂರ.
ಖುಲಾನಳದು ಇನ್ನೂರು ಕಿಲೋಮೀಟರು,
ನಡುವೆ ಹೆಪ್ಪುಗಟ್ಟಿದ ಹೊಳೆ ಎರಡು.
ನೋವು ಬಂದಮೇಲೆ ಹೊರಟರೆ
ಜೀಪಿನಲ್ಲೇ ಹೆರಬೇಕು, ನನ್ನ ಮೊದಲನೆಯದರ ಹಾಗೆ.
ಅದಕ್ಕೇ ದಿನ ತುಂಬುವ ಮೊದಲೇ
ಗಂಡಂದಿರು ಇಲ್ಲಿ ಇಳಿಸಿ ಹೋದರು,
ಗಡಿಬಿಡಿಯಲ್ಲಿ. ಅವರಿಗೀಗ ಮೇಕೆ ಈಯುವ ಕಾಲ.

ಸಿಗ್ನಲ್ಲಿಗೆ ಗುಡ್ಡ ಹತ್ತಿ ನಿಂತು ಕೂಗುತ್ತಾನೆ ನನ್ನವನು:
"ಅರವತ್ತೆರಡು ಈದವು. ನಿನ್ನದೇನು?"
ನಾಲ್ಕು ಮಂಚವೂ ಕಿರ್ರೆನ್ನುವಷ್ಟು ನಕ್ಕೆವು.
ದೊಲ್ಗೋರ್ ಹೊಟ್ಟೆ ಹಿಡಿದು,
"ನಗಿಸಬೇಡ್ರೇ, ಸೋರುತ್ತೆ" ಅಂದಳು.

ನಾಚಿಕೆ ಮೊದಲ ವಾರದಲ್ಲೇ ಮುಗಿಯಿತು.
ತನ್ನ ಪಾದ ತಾನು ನೋಡಿ ಯಾರಿಗೂ
ಎರಡು ತಿಂಗಳಾಗಿತ್ತು.
ಒಂದು ಸಂಜೆ ದೊಲ್ಗೋರ್ ಕತ್ತರಿ ಹುಡುಕಿ
ನನ್ನ ಕಾಲನ್ನು ತನ್ನ ತೊಡೆಗೆಳೆದುಕೊಂಡಳು,
ಕುರಿಯ ಗೊರಸು ನೋಡುವವಳಂತೆ ತಿರುಗಿಸಿ,
"ಏನೇ ಇದು, ಹದ್ದಿನ ಉಗುರು!"
ಅಂದಿನಿಂದ ನನ್ನ ಉಗುರು ಅವಳ ಪಾಲಿಗೆ,
ಅವಳ ನೋಯುವ ಸೊಂಟ ನನ್ನ ಮುಷ್ಟಿಗೆ.
ಬೂಟಿನ ದಾರ ಎಲ್ಲರದೂ ಖುಲಾನ್ ಕಟ್ಟುವಳು.
ಹತ್ತೊಂಬತ್ತರ ಹುಡುಗಿ, ಇನ್ನೂ ಬಗ್ಗಬಲ್ಲಳು.
ಬಗ್ಗಿದವಳನ್ನು ಎಬ್ಬಿಸಲು ಮಾತ್ರ ಮೂವರು ಬೇಕು.

ನೆರ್ಗುಯ್‌ದು ಮಾತು ಕಡಿಮೆ.
ಅವಳ ಹೆಸರಿನ ಅರ್ಥವೇ ಹೆಸರಿಲ್ಲದವಳು.
ಅವಳಿಗಿಂತ ಮುಂಚಿನ ಮೂವರು ಉಳಿಯಲಿಲ್ಲವಂತೆ,
ಕರೆಯಲು ಬಂದದ್ದಕ್ಕೆ ದಾರಿ ತಪ್ಪಲಿ ಎಂದು
ಅವಳಮ್ಮ ಹೀಗೆ ಬಚ್ಚಿಟ್ಟಳು ಮಗಳನ್ನು.
ಈಗ ಇವಳಿಗೂ ಎರಡು ಹೋಗಿವೆ.
ಹೇಳಿದ್ದು ಒಂದೇ ಸಲ,
ಹಾಲಿನ ಚಹಾಕ್ಕೆ ಉಪ್ಪು ಹಾಕುತ್ತಾ, ನಮಗೆ ಬೆನ್ನು ಮಾಡಿ.

ಸಂಜೆಯಾದರೆ ದಿಂಬಿನ ಎಡಕ್ಕೆ
ಹತ್ತು ಗಿಣ್ಣುಮೂಳೆ ಸಾಲಾಗಿಡುವಳು. ಕುರಿಯವು,
ಚಿಕ್ಕಂದಿನಲ್ಲಿ ಆಡಿ ಆಡಿ ನುಣುಪಾದವು.
ಒಂದು ಒದೆತಕ್ಕೆ ಒಂದು ಮೂಳೆ ಬಲಕ್ಕೆ.
ಹತ್ತೂ ದಾಟಿದ ಮೇಲೆಯೇ ಊಟ.
ನಾವು ನೋಡದವರಂತೆ ಹರಟುತ್ತಾ
ಒಳಗೊಳಗೇ ಎಣಿಸುತ್ತಿದ್ದೆವು.

ಆ ಗುರುವಾರ ನಾಲ್ಕಕ್ಕೇ ನಿಂತಿತು.
ಸೂಪು ತಣಿದು ಮೇಲೆ ಕೊಬ್ಬು ಕಟ್ಟಿತು.
ಖುಲಾನ್ ಸಕ್ಕರೆ ಅಚ್ಚು ತಂದು ಅವಳ ಬಾಯಿಗಿಟ್ಟಳು,
ದೊಲ್ಗೋರ್ ಎಡಮಗ್ಗುಲಿಗೆ ಹೊರಳಿಸಿದಳು,
ನಾನು ಬಾಗಿಲಾಚೆ ಹಿಮದಲ್ಲಿ ಕೈ ಹೂತು ಬಂದು
ಬಿಗಿದ ಆ ಹೊಟ್ಟೆಯ ಮೇಲಿಟ್ಟೆ.
ನನ್ನೊಳಗಿನದು ಆಗಲೇ ಧಡಧಡ ಒದೆಯಬೇಕೆ!
ಸುಮ್ಮನಿರು, ಅಂದೆ ಹಲ್ಲು ಕಚ್ಚಿ, ನಿನ್ನದಲ್ಲ ಸರದಿ.
ಐದು.
ಬಹಳ ಹೊತ್ತಿನ ಮೇಲೆ,
ಕದ ತಟ್ಟಲೋ ಬೇಡವೋ ಎಂದು
ಹೊಸಿಲಲ್ಲಿ ನಿಂತವರ ಹಾಗೆ,
ಆರು.

ಏಳಕ್ಕೆ ಕಾಯಲಿಲ್ಲ ದೊಲ್ಗೋರ್.
ಕಿಟಕಿಯ ಗಾಜಿಗೆ ಸೌಟಿನಿಂದ ಬಡಿದು ನರ್ಸನ್ನು ಕೂಗಿದಳು.
ಬೂಟು ಹಾಕಲೂ ಹೊತ್ತಿರಲಿಲ್ಲ,
ಉಣ್ಣೆಯ ಕಾಲುಚೀಲದಲ್ಲೇ ಹೋದಳು ನೆರ್ಗುಯ್
ಸ್ಟ್ರೆಚರ್ ಮೇಲೆ, ಅಂಗಳ ದಾಟಿ.

ಎರಡನೇ ಮಹಡಿಯಲ್ಲಿ ದೀಪ.
ಆರಿದರೆ ಏನರ್ಥ, ಉರಿದರೆ ಏನರ್ಥ,
ಯಾರೂ ಕೇಳಲಿಲ್ಲ. ಒಲೆಗೆ ಇದ್ದಿಲು ಹಾಕಿದೆವು,
ಮತ್ತೆ ಹಾಕಿದೆವು.

ಬೆಳಗಿನ ಜಾವ ಖುಲಾನ್ ಬಗ್ಗಿ
ಆ ಬೂಟುಗಳನ್ನು ಎತ್ತಿಕೊಂಡಳು.
ಇಡೀ ರಾತ್ರಿ ಒಲೆಯ ಪಕ್ಕ ಬೆಚ್ಚಗಿದ್ದವು.
ದಾಟಿದ ಆರು ಮೂಳೆ ಒಂದರೊಳಗೆ ಹಾಕಿದೆ,
ದಾಟದ ನಾಲ್ಕು ಇನ್ನೊಂದರೊಳಗೆ.

ಮೂವರೂ ಹೊರಟೆವು ಅಂಗಳಕ್ಕೆ, ತೋಳಿಗೆ ತೋಳು ಸಿಕ್ಕಿಸಿ.
ಕೆಳಗೆ ನೋಡಿದರೆ ಬರೀ ಹೊಟ್ಟೆ,
ಹೆಜ್ಜೆ ಬೀಳುವ ಜಾಗ ಯಾರಿಗೂ ಕಾಣದು.
ಇಲ್ಲಿ ಜಾರುತ್ತೆ, ಅನ್ನುವಳು ಈ ತುದಿಯವಳು.
ಇಡು, ಗಟ್ಟಿ ಇದೆ, ಅನ್ನುವಳು ಆ ತುದಿಯವಳು.
ಖುಲಾನಳ ಎದೆಗೆ ಒತ್ತಿದ ಬೂಟಿನೊಳಗೆ
ಹೆಜ್ಜೆಹೆಜ್ಜೆಗೂ ಟಕ್ಕೆನ್ನುತ್ತಿದ್ದವು ಮೂಳೆ.